ಅವಳಿಗಳಾದರೂ ಆಪ್ಷನ್ ಪಟ್ಟಿ ಎರಡು

ಮಾನ್ಯ ಸಂಪಾದಕರೇ,

ನಾನು ತಿಪಟೂರು ಕಡೆಯ ಒಂದು ಅಂಚೆ ಕಚೇರಿಯಲ್ಲಿ ಕೌಂಟರಿನಲ್ಲಿ ಕೂರುವವಳು. ಹೋದ ವಾರ ಒಬ್ಬರು ಉಳಿತಾಯ ಖಾತೆಗೆ ದುಡ್ಡು ಕಟ್ಟಲು ಬಂದಿದ್ದರು. ಅವರಿಗೆ ಅವಳಿ ಗಂಡು ಮಕ್ಕಳು. ಇಬ್ಬರೂ ಈ ಸಲ ಸಿಇಟಿ ಬರೆದಿದ್ದಾರೆ. ಇನ್ನು ಬೇಕಾದ ಕಾಲೇಜು, ಕೋರ್ಸುಗಳನ್ನು ಒಂದರ ಕೆಳಗೊಂದು ಪಟ್ಟಿ ಮಾಡಿ ತುಂಬಬೇಕು, ಅದೇ ಆಪ್ಷನ್ ಎಂಟ್ರಿ. "ಮೇಡಂ, ನಿಮ್ಮನೇಲೂ ಅವಳಿ ಅಲ್ವಾ? ನೀವು ಆಪ್ಷನ್ ಎಂಟ್ರಿ ಹೆಂಗೆ ಮಾಡಿದ್ರಿ? ನಾನಂತೂ ಇಬ್ಬರದ್ದೂ ಒಂದೇ ಲಿಸ್ಟ್ ಹಾಕಿಬಿಡ್ತೀನಿ. ಒಂದೇ ಕಾಲೇಜಿಗೆ ಹೋಗ್ಲಿ, ನಮಗೂ ಚಿಂತೆ ಇರಲ್ಲ" ಅಂದರು. ಅವರ ಹಿಂದೆ ಏಳೆಂಟು ಜನ ನಿಂತಿದ್ದರು. ಕೂತು ಮಾತಾಡುವ ಹೊತ್ತಲ್ಲ. ಪಾಸ್‌ಬುಕ್ ಕೊಟ್ಟು ಕಳಿಸಿದೆ. ರಾತ್ರಿ ಅದೇ ಮಾತು ತಲೆಯಲ್ಲಿ ಕೊರೆಯಿತು. ಹೋದ ವರ್ಷ ನಾನು ಮಾಡಿದ್ದೂ ಅದನ್ನೇ. ಅವರ ಕಂಕುಳಲ್ಲಿ ನಿಮ್ಮ ಪತ್ರಿಕೆ ಇತ್ತು. ಅದಕ್ಕೇ ಈ ಕಾಗದ.

ನನ್ನ ಹೆಣ್ಣುಮಕ್ಕಳು 2007 ರಲ್ಲಿ ಹುಟ್ಟಿದವರು. ಹನ್ನೊಂದು ನಿಮಿಷದ ಅಂತರ. ಮನೆಯಲ್ಲಿ ದೊಡ್ಡವಳು, ಚಿಕ್ಕವಳು ಅಂತಲೇ ಕರೆಯುತ್ತೇವೆ. ನೋಡಲು ಒಂದೇ ಥರ. ಒಂದೇ ಶಾಲೆ, ಒಂದೇ ಬೆಂಚು, ಒಂದೇ ಪಿಯು ಕಾಲೇಜು, ಒಂದೇ ಪಿಸಿಎಂಬಿ, ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ. ಪಿಸಿಎಂಬಿ ಆರಿಸಿದ್ದು ನಾನು. ಡಾಕ್ಟರ್ ಆದರೂ ಸರಿ, ಎಂಜಿನಿಯರ್ ಆದರೂ ಸರಿ, ಎರಡೂ ಬಾಗಿಲು ತೆರೆದಿರಲಿ ಅಂತ.

ಹತ್ತನೇ ತರಗತಿಯಲ್ಲಿ ದೊಡ್ಡವಳಿಗೆ 625 ಕ್ಕೆ 611, ಚಿಕ್ಕವಳಿಗೆ 598 ಬಂತು. ಎರಡೂ ಒಳ್ಳೆಯ ಅಂಕವೇ ಅಲ್ವಾ? ಆದರೆ ನಮ್ಮ ಮನೆಗೆ ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಆ 13 ಅಂಕ ಎಲ್ಲಿ ಹೋಯ್ತು?" 598 ತೆಗೆದ ಬೇರೆ ಯಾವ ಮಗುವಿಗೂ ಯಾರೂ ಹಾಗೆ ಕೇಳುವುದಿಲ್ಲ. ಸಂಪಾದಕರೇ, ಇಲ್ಲಿ ನಿಮಗೂ ಒಂದು ಮಾತು ಹೇಳಬೇಕು. ಪ್ರತಿ ವರ್ಷ ಫಲಿತಾಂಶದ ಮರುದಿನ ಪತ್ರಿಕೆಗಳಲ್ಲಿ ಅವಳಿ ಮಕ್ಕಳ ಫೋಟೊ ಬರುತ್ತದೆ. ಇಬ್ಬರಿಗೂ ಸಮಾನ ಅಂಕ ಬಂದಿದೆ ಅನ್ನುವುದೇ ಸುದ್ದಿ. ಆ ಮಕ್ಕಳ ಖುಷಿಯನ್ನು ನಾನು ಕಡಿಮೆ ಮಾಡುತ್ತಿಲ್ಲ. ಆದರೆ ಅಂಥ ಸುದ್ದಿ ಓದಿದವರು ಉಳಿದ ಅವಳಿಗಳ ಮನೆಗೆ ಬಂದು ಲೆಕ್ಕ ಕೇಳುತ್ತಾರೆ. ಬೇರೆ ಬೇರೆ ಅಂಕ ತೆಗೆದು, ಬೇರೆ ಬೇರೆ ದಾರಿ ಹಿಡಿದ ಅವಳಿಗಳ ಫೋಟೊವನ್ನೂ ಒಮ್ಮೆ ಹಾಕಿ.

ನಮ್ಮ ಮನೆಯ ಕನಸು ಯುವಿಸಿಇ. ಸರ್ ಎಂ. ವಿಶ್ವೇಶ್ವರಯ್ಯನವರು 1917 ರಲ್ಲಿ ಶುರು ಮಾಡಿದ ಎಂಜಿನಿಯರಿಂಗ್ ಕಾಲೇಜು. ಬೆಂಗಳೂರಿನ ಕೆ.ಆರ್. ಸರ್ಕಲ್ಲಿನಲ್ಲಿದೆ. ಸರ್ಕಾರಿ ಕಾಲೇಜು, ನಮ್ಮಂಥವರ ಕೈಗೆ ಎಟುಕುವ ಫೀಸು. ತಿಪಟೂರಿನಿಂದ ರೈಲು ಹತ್ತಿದರೆ ನೇರ ಮೆಜೆಸ್ಟಿಕ್. ಅಲ್ಲಿಂದ ಮೆಟ್ರೊದಲ್ಲಿ ಮುಂದಿನ ಸ್ಟೇಷನ್ನೇ ವಿಶ್ವೇಶ್ವರಯ್ಯನವರ ಹೆಸರಿನದು. ಇಬ್ಬರಿಗೂ ಅಲ್ಲೇ ಸೀಟು ಸಿಕ್ಕಿಬಿಟ್ಟರೆ ಒಂದು ರೂಮು, ಒಂದು ಬಾಡಿಗೆ, ಒಬ್ಬರಿಗೊಬ್ಬರು ಕಾವಲು. ಒಂದೇ ವರ್ಷ, ಒಂದೇ ತಿಂಗಳಲ್ಲಿ ಎರಡು ಫೀಸು ಕಟ್ಟುವ ಮನೆಯ ಕಷ್ಟ ಬೇರೆಯವರಿಗೆ ಗೊತ್ತಾಗುವುದಿಲ್ಲ. ಅಕ್ಕನ ಪುಸ್ತಕ ಮುಂದಿನ ವರ್ಷ ತಂಗಿಗೆ ಬರುವುದಿಲ್ಲ. ಎಲ್ಲವೂ ಎರಡು, ಎಲ್ಲವೂ ಇವತ್ತೇ ಬೇಕು. ಹಾಗಾಗಿ ಇಬ್ಬರನ್ನೂ ಒಂದೇ ಕಡೆ ಸೇರಿಸಬೇಕು ಅನ್ನುವ ಆಸೆ ಬರೀ ಪ್ರೀತಿಯದಲ್ಲ, ದುಡ್ಡಿನದೂ ಹೌದು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಅರ್ಜಿ ಹಾಕುವಾಗಲೇ ಮೊದಲ ತಪ್ಪು ಆಯಿತು. ಊರಿನ ಒಂದು ಸೈಬರ್ ಸೆಂಟರಿನಲ್ಲಿ ಕೂತಿದ್ದೆವು. ದೊಡ್ಡವಳ ಅರ್ಜಿ ತುಂಬಿ ಮುಗಿಸಿದ ಮೇಲೆ ಆ ಹುಡುಗ "ಚಿಕ್ಕವರದ್ದೂ ಹೀಗೇ ಅಲ್ವಾ ಅಕ್ಕಾ?" ಅಂದ. ಹೌದು ಅಂದೆ. ಜಾತಿ ಪ್ರಮಾಣಪತ್ರದ ಆರ್.ಡಿ. ಸಂಖ್ಯೆ ಬೇರೆ, ಆಧಾರ್ ಬೇರೆ. ಉಳಿದದ್ದೆಲ್ಲ ಅದೇ ಉತ್ತರ, ಅದೇ ಟಿಕ್. ಮನೆಗೆ ಬಂದು ಪ್ರಿಂಟ್ ನೋಡಿದರೆ ಚಿಕ್ಕವಳ ಅರ್ಜಿಯಲ್ಲಿ ದೊಡ್ಡವಳ ಫೋಟೊ! ನನಗೇ ಅದು ಗೊತ್ತಾಗಿರಲಿಲ್ಲ. ಚಿಕ್ಕವಳು ನೋಡಿ, "ಅಮ್ಮಾ, ಇದು ನಾನಲ್ಲ" ಅಂದಳು. ತಿದ್ದುವ ಅವಕಾಶ ಇತ್ತು, ಫೋಟೊ ಬದಲಾಯಿಸಿದೆವು. ಆದರೆ ಟಿಕ್ ಹಾಕದೆ ಬಿಟ್ಟ ಇನ್ನೊಂದು ಜಾಗವನ್ನು ನಾನು ನೋಡಲೇ ಇಲ್ಲ. ಅದು ಕೃಷಿಕರ ಕೋಟಾ, ಅಂದರೆ ಕೃಷಿ ಕೋರ್ಸುಗಳಲ್ಲಿ ರೈತರ ಮಕ್ಕಳಿಗೆ ಮೀಸಲಾದ ಸೀಟು. ದೊಡ್ಡವಳಿಗೆ ಅದು ಬೇಕಿರಲಿಲ್ಲ, ಹಾಗಾಗಿ ಚಿಕ್ಕವಳಿಗೂ ಹಾಕಲಿಲ್ಲ.

ಇದರ ಬೆಲೆ ಏನು ಅಂತ ಹೇಳಬೇಕಾದರೆ ಚಿಕ್ಕವಳ ಬಗ್ಗೆ ಸ್ವಲ್ಪ ಹೇಳಬೇಕು. ಅವಳು ಮಾತು ಕಡಿಮೆ. ಚಿಕ್ಕಂದಿನಿಂದ ಅವಳಿಗೆ ಕೇಳಿದ ಪ್ರಶ್ನೆಗೂ ಅಕ್ಕನೇ ಉತ್ತರ ಹೇಳುತ್ತಿದ್ದಳು. ನಮಗೆ ಅದು ಮುದ್ದಾಗಿ ಕಾಣುತ್ತಿತ್ತು. ನಮ್ಮದು ತೆಂಗಿನ ತೋಟ. ದೊಡ್ಡದೇನಲ್ಲ. ಒಂದು ಮೂಲೆಯಲ್ಲಿ ಅಣಬೆ ರೋಗ ಬಿದ್ದು ಮರಗಳು ಒಂದೊಂದಾಗಿ ಹೋಗತೊಡಗಿದವು. ನಮ್ಮ ಕಡೆ ಆ ಹೆಸರು ಕೇಳಿದರೆ ಹೊಟ್ಟೆ ಉರಿಯುತ್ತದೆ. ಮೊದಲು ಕೆಳಗಿನ ಗರಿ ಜೋಲುತ್ತವೆ, ಆಮೇಲೆ ಬುಡದಲ್ಲಿ ಕಂದು ಬಣ್ಣದ ರಸ ಸೋರುತ್ತದೆ, ಕೊನೆಗೆ ಸುಳಿ ಒಣಗಿ ಮರ ಬೀಳುತ್ತದೆ. ಹತ್ತನೇ ತರಗತಿಯಲ್ಲಿದ್ದಾಗ ಚಿಕ್ಕವಳು ಆ ಮೂಲೆಯ ಮರಗಳಿಗೆಲ್ಲ ಸುಣ್ಣದಲ್ಲಿ ನಂಬರ್ ಬರೆದಳು. ಒಂದು ನೋಟ್‌ಬುಕ್ ಇಟ್ಟಳು. ಯಾವ ಮರದ ಎಷ್ಟು ಗರಿ ಜೋತಿದೆ, ರಸ ಎಷ್ಟು ಎತ್ತರದ ತನಕ ಬಂದಿದೆ ಅಂತ ದಾರದಲ್ಲಿ ಅಳೆದು ಬರೆಯುತ್ತಿದ್ದಳು. ಅವರಪ್ಪನನ್ನು ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಎಳೆದುಕೊಂಡು ಹೋದದ್ದೂ ಅವಳೇ. ಅಲ್ಲಿ ಹೇಳಿದಂತೆ ರೋಗ ಬಿದ್ದ ಮರದ ಸುತ್ತ ಕಾಲುವೆ ತೋಡಿ, ಬೇವಿನ ಹಿಂಡಿಗೆ ಟ್ರೈಕೋಡರ್ಮಾ ಅನ್ನುವ, ರೋಗ ತಡೆಯುವ ಶಿಲೀಂಧ್ರ ಕಲಸಿ ಹಾಕಿದರು. ಒಂದು ಭಾನುವಾರ ನಾನು ಊಟಕ್ಕೆ ಕರೆಯಲು ಹೋದಾಗ ಅವಳು ಹದಿನಾಲ್ಕನೇ ನಂಬರಿನ ಮರದ ಬುಡದಲ್ಲಿ ಮಂಡಿ ಊರಿ ಕೂತಿದ್ದಳು. ಬೆರಳಿಗೆ ಆ ರಸ ಅಂಟಿತ್ತು. "ಅಮ್ಮಾ, ಹೋದ ತಿಂಗಳಿಗಿಂತ ಮೇಲೆ ಹೋಗಿಲ್ಲ, ನೋಡು" ಅಂದಳು. ಅಷ್ಟು ಉದ್ದದ ಮಾತು ಅವಳ ಬಾಯಲ್ಲಿ ಬಂದದ್ದೇ ಅಪರೂಪ. ಆವತ್ತೇ ನನಗೆ ಅರ್ಥ ಆಗಬೇಕಿತ್ತು. ಆಗಲಿಲ್ಲ. ಊಟ ಆರಿಹೋಗುತ್ತೆ ಬಾ ಅಂದೆ.

2025 ರ ಏಪ್ರಿಲ್ 16 ಮತ್ತು 17 ರಂದು ಸಿಇಟಿ ನಡೆಯಿತು. ಮೇ ತಿಂಗಳಲ್ಲಿ ಫಲಿತಾಂಶ ಬಂತು. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಹಿಡಿಯುತ್ತಾರೆ. ದೊಡ್ಡವಳಿಗೆ 3,000 ದ ಒಳಗೆ ಬಂತು. ಚಿಕ್ಕವಳದ್ದು 7,000 ದಾಟಿತ್ತು. ಮನೆಯಲ್ಲಿ ಆ ಎರಡು ಸಂಖ್ಯೆಯದ್ದೇ ಮಾತು. ಅದೇ ಫಲಿತಾಂಶದಲ್ಲಿ ಕೃಷಿ ಕೋರ್ಸುಗಳ ರ‍್ಯಾಂಕ್ ಬೇರೆ ಇತ್ತು. ಅದರಲ್ಲಿ ಜೀವಶಾಸ್ತ್ರವೂ ಸೇರುತ್ತದೆ. ಸಿಇಟಿ ಜೀವಶಾಸ್ತ್ರದಲ್ಲಿ 60 ಕ್ಕೆ ಚಿಕ್ಕವಳಿಗೆ 52, ದೊಡ್ಡವಳಿಗೆ 38. ಕೃಷಿಯ ಪಟ್ಟಿಯಲ್ಲಿ ತಂಗಿ ಅಕ್ಕನಿಗಿಂತ ಎಷ್ಟೋ ಮುಂದೆ ಇದ್ದಳು. ಆ ಸಾಲು ನಮ್ಮ ಕಣ್ಣೆದುರೇ ಇತ್ತು. ಯಾರೂ ಅದನ್ನು ಜೋರಾಗಿ ಓದಲಿಲ್ಲ.

ಆಪ್ಷನ್ ಎಂಟ್ರಿ ಬಂತು. ನಾನು ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಒಂದೇ ಪಟ್ಟಿ ಮಾಡಿದೆ. ಹಿಂದಿನ ವರ್ಷಗಳ ಕಟ್‌ಆಫ್ ನೋಡಿ, ಇಬ್ಬರಿಗೂ ಸಿಗಬಹುದಾದ ಕಾಲೇಜು, ಇಬ್ಬರಿಗೂ ಸಿಗಬಹುದಾದ ಬ್ರಾಂಚು ಮೇಲೆ ಬರೆದೆ. ಚಿಕ್ಕವಳಿಗೆ ಯುವಿಸಿಇ ಕಂಪ್ಯೂಟರ್ ಸೈನ್ಸ್ ಸಿಗುವುದಿಲ್ಲ ಅಂತ ಗೊತ್ತಿತ್ತು. ಅದಕ್ಕೆ ದೊಡ್ಡವಳ ಪಟ್ಟಿಯಲ್ಲೂ ಅದನ್ನು ಕೆಳಗೆ ತಳ್ಳಿದೆ. ಎಲೆಕ್ಟ್ರಿಕಲ್ ಮೇಲೆ ಹಾಕಿದೆ. ಇಬ್ಬರೂ ಒಟ್ಟಿಗೆ ಇದ್ದರೆ ಸಾಕು ಅನ್ನುವುದೊಂದೇ ಲೆಕ್ಕ. ದೊಡ್ಡವಳು ಪಟ್ಟಿ ನೋಡಿ ಸುಮ್ನೆ ತಲೆ ಆಡಿಸಿದಳು. ಚಿಕ್ಕವಳು ನೋಡಲೇ ಇಲ್ಲ.

ಇಲ್ಲಿ ಸೀಟು ಹಂಚುವ ರೀತಿ ಸ್ವಲ್ಪ ಹೇಳಬೇಕು. ಅವಳಿಗಳ ತಂದೆ ತಾಯಿ ಎಡವುವುದು ಇಲ್ಲೇ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕಂಪ್ಯೂಟರಿಗೆ ಅಕ್ಕ ತಂಗಿ ಅಂತ ಗೊತ್ತಾಗುವುದಿಲ್ಲ. ಇಬ್ಬರ ಅರ್ಜಿಯನ್ನು ಜೋಡಿಸುವ ಜಾಗ ಆ ಪುಟದಲ್ಲಿ ಎಲ್ಲೂ ಇಲ್ಲ. ರ‍್ಯಾಂಕ್ ಪ್ರಕಾರ ಒಬ್ಬೊಬ್ಬರನ್ನೇ ತೆಗೆದುಕೊಳ್ಳುತ್ತದೆ. ಅವರ ಪಟ್ಟಿಯನ್ನು ಮೇಲಿನಿಂದ ಓದುತ್ತದೆ. ಖಾಲಿ ಇರುವ ಮೊದಲ ಸೀಟು ಕೊಟ್ಟು ಮುಂದೆ ಹೋಗುತ್ತದೆ. ನೀವು ಮೇಲೆ ಎಲೆಕ್ಟ್ರಿಕಲ್ ಬರೆದಿದ್ದರೆ ಅದೇ ಸಿಗುತ್ತದೆ, ಕೆಳಗಿನ ಕಂಪ್ಯೂಟರ್ ಸೈನ್ಸನ್ನು ಅದು ನೋಡುವುದೂ ಇಲ್ಲ. ಇನ್ನೊಂದು ವಿಷಯ. ಅವಳಿಗಳದ್ದು ಒಂದೇ ಜಾತಿ, ಒಂದೇ ಪ್ರವರ್ಗ. ಒಂದು ಬ್ರಾಂಚಿನಲ್ಲಿ ಆ ಪ್ರವರ್ಗಕ್ಕೆ ಒಂದೋ ಎರಡೋ ಸೀಟು ಇರುತ್ತವೆ. ಇಬ್ಬರ ಪಟ್ಟಿಯೂ ಒಂದೇ ಆದರೆ ಆ ಒಂದು ಸೀಟಿಗೆ ನಮ್ಮ ಮನೆಯ ಇಬ್ಬರೇ ಎದುರುಬದುರು. ಒಟ್ಟಿಗೆ ಇರಲಿ ಅಂತ ನಾನು ಮಾಡಿದ ಪಟ್ಟಿಯಲ್ಲಿ, ಚಿಕ್ಕವಳಿಗೆ ಸಿಗಬಹುದಾದ ಸೀಟನ್ನು ಅಕ್ಕನೇ ತೆಗೆದುಕೊಳ್ಳುವ ಹಾಗಿತ್ತು. ಅಕ್ಕನಿಗೆ ಆ ಸೀಟು ಬೇಕಾಗಿಯೂ ಇರಲಿಲ್ಲ!

ಅಣಕು ಸೀಟು ಹಂಚಿಕೆಯಲ್ಲಿ ಅದೇ ಆಯಿತು. ದೊಡ್ಡವಳಿಗೆ ಯುವಿಸಿಇ ಎಲೆಕ್ಟ್ರಿಕಲ್. ಚಿಕ್ಕವಳಿಗೆ ಬೇರೆ ಒಂದು ಕಾಲೇಜು. ಒಟ್ಟಿಗೂ ಆಗಲಿಲ್ಲ, ಬೇಕಾದದ್ದೂ ಆಗಲಿಲ್ಲ. ಆವತ್ತು ಸಂಜೆ ಅವರ ಪಿಯು ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು ದೊಡ್ಡವಳಿಗೆ ಫೋನ್ ಮಾಡಿದರು. "ಈ ರ‍್ಯಾಂಕಿಗೆ ಎಲೆಕ್ಟ್ರಿಕಲ್ ಯಾಕಮ್ಮ ಮೇಲೆ ಹಾಕಿದೆ?" ಅಂದರು. ಅವಳು ಉತ್ತರ ಹೇಳಲಿಲ್ಲ. ಫೋನ್ ನನ್ನ ಕೈಗೆ ಕೊಟ್ಟಳು. ಮೇಷ್ಟ್ರು ನನ್ನನ್ನು ಬೈಯಲಿಲ್ಲ. "ಇದು ಅಣಕು ಅಷ್ಟೇ ಅಮ್ಮ, ಇನ್ನೂ ಬದಲಾಯಿಸಬಹುದು. ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಬರೆಸಿ" ಅಂದರು. ಆ ಒಂದು ಮಾತಿಗೆ ನಾನು ಅವರಿಗೆ ಋಣಿ.

ಆವತ್ತು ರಾತ್ರಿ ದೊಡ್ಡವಳು ನಡುಮನೆಯಲ್ಲಿ, ಚಿಕ್ಕವಳು ಅಡುಗೆಮನೆಯಲ್ಲಿ. ಇಬ್ಬರಿಗೂ ಒಂದೊಂದು ಬಿಳಿ ಹಾಳೆ. ದೊಡ್ಡವಳದ್ದು ಹತ್ತು ನಿಮಿಷದಲ್ಲಿ ಮುಗಿಯಿತು. ಯುವಿಸಿಇ ಕಂಪ್ಯೂಟರ್ ಸೈನ್ಸ್, ಆಮೇಲೆ ಇನ್ಫರ್ಮೇಷನ್ ಸೈನ್ಸ್, ಆಮೇಲೆ ಉಳಿದದ್ದು. ಚಿಕ್ಕವಳ ಹಾಳೆ ಅರ್ಧ ಗಂಟೆ ಖಾಲಿ ಇತ್ತು. ನಾನು ಒಗ್ಗರಣೆ ಹಾಕುವ ನೆಪದಲ್ಲಿ ಅಲ್ಲೇ ನಿಂತಿದ್ದೆ. ಕೊನೆಗೆ ಬರೆದಳು. ಮೊದಲ ಸಾಲು: ಬಿಎಸ್ಸಿ ಕೃಷಿ, ಜಿಕೆವಿಕೆ, ಅಂದರೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ. ಎರಡನೆಯದು: ಬಿಎಸ್ಸಿ ಕೃಷಿ, ಹಾಸನ. ಮೂರನೆಯದು: ಮಂಡ್ಯ. ಎಂಜಿನಿಯರಿಂಗ್ ಕಾಲೇಜಿನ ಹೆಸರು ಒಂದೂ ಇಲ್ಲ. "ಮತ್ತೆ ಅಕ್ಕನ ಜೊತೆ ಯುವಿಸಿಇ ಅಂತಿದ್ದೆಯಲ್ಲ?" ಅಂತ ಕೇಳಿದೆ. "ನಾನು ಯಾವಾಗ ಅಂದೆ ಅಮ್ಮಾ?" ಅಂದಳು. ಯೋಚಿಸಿ ನೋಡಿದರೆ ನಿಜ. ಅವಳು ಒಂದು ದಿನವೂ ಅಂದಿರಲಿಲ್ಲ. ಅಕ್ಕ ಹೇಳಿದ್ದಳು, ನಾನು ಹೇಳಿದ್ದೆ.

ಕೃಷಿಕರ ಕೋಟಾ ನೆನಪಾದದ್ದು ಆಗ. ಅದಕ್ಕೆ ಅರ್ಜಿಯಲ್ಲೇ ಟಿಕ್ ಹಾಕಿ ಜಮೀನಿನ ದಾಖಲೆ ಕೊಡಬೇಕು, ಬೇರೆ ಪ್ರಾಯೋಗಿಕ ಪರೀಕ್ಷೆ ಬರೆಯಬೇಕು. ಬೀಜ, ಗೊಬ್ಬರ, ಉಪಕರಣ ಗುರುತಿಸುವ ಪರೀಕ್ಷೆ. ನಮ್ಮ ಚಿಕ್ಕವಳಿಗೆ ಅದು ಕಷ್ಟವೇ ಆಗುತ್ತಿರಲಿಲ್ಲ. ಆದರೆ ಪರೀಕ್ಷೆ ಮುಗಿದುಹೋಗಿತ್ತು. ಫೋಟೊ ತಿದ್ದಿದ ಹಾಗೆ ಅದನ್ನು ತಿದ್ದಲು ಆಗಲಿಲ್ಲ. ಸಾಮಾನ್ಯ ಕೃಷಿ ರ‍್ಯಾಂಕಿನಲ್ಲಿ ಅವಳಿಗೆ ಹಾಸನದ ಕಾರೇಕೆರೆ ಕೃಷಿ ಕಾಲೇಜು ಸಿಕ್ಕಿತು. ಜಿಕೆವಿಕೆ ತಪ್ಪಿತು. ಅವಳು ಒಂದು ಮಾತೂ ಆಡಲಿಲ್ಲ. ನನಗೆ ಮಾತ್ರ ಆ ಟಿಕ್ ಹಾಕದ ಚೌಕ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಮೊದಲ ಸುತ್ತಿನ ಫಲಿತಾಂಶ ಬಂದಾಗಲೂ ಹಳೇ ಚಾಳಿ ಬಿಡಲಿಲ್ಲ. ದೊಡ್ಡವಳಿಗೆ ಇನ್ಫರ್ಮೇಷನ್ ಸೈನ್ಸ್ ಬಂದಿತ್ತು. ಛಾಯ್ಸ್ ಒಂದು ಒತ್ತಿದರೆ ಇದೇ ಸಾಕು ಅಂತ ಸೇರುವುದು. ಛಾಯ್ಸ್ ಎರಡು ಅಂದರೆ ಇದನ್ನು ಹಿಡಿದುಕೊಂಡು ಇನ್ನೂ ಮೇಲಿನದಕ್ಕೆ ಮುಂದಿನ ಸುತ್ತು ಕಾಯುವುದು. ಚಿಕ್ಕವಳು ಛಾಯ್ಸ್ ಒಂದು ಅಂದಳು. ದೊಡ್ಡವಳು ಎರಡು ಅಂದಳು. ನನ್ನ ಬಾಯಲ್ಲಿ "ಇಬ್ಬರೂ ಒಂದೇ ಒತ್ತಿ" ಅಂತ ಬಂದೇಬಿಟ್ಟಿತು. ಇಬ್ಬರೂ ನನ್ನ ಮುಖ ನೋಡಿದರು. ನಾನು ಎದ್ದು ಹಿತ್ತಿಲಿಗೆ ಹೋದೆ. ಎರಡನೇ ಸುತ್ತಿನಲ್ಲಿ ದೊಡ್ಡವಳಿಗೆ ಕಂಪ್ಯೂಟರ್ ಸೈನ್ಸ್ ಸಿಕ್ಕಿತು.

ನನಗೆ ಜಾಸ್ತಿ ನೋವಾಗುವುದು ಯಾಕೆ ಅಂದರೆ, ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಕೌಂಟರಿನಲ್ಲಿ ನಾನೇ ದಿನಾ ಹೇಳುವ ಮಾತು. ಸುಕನ್ಯಾ ಸಮೃದ್ಧಿ ಯೋಜನೆ 2015 ರ ಜನವರಿಯಲ್ಲಿ ಶುರುವಾಯಿತು. ಒಂದು ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳಿಗೆ ಮಾತ್ರ ಖಾತೆ ಅನ್ನುವುದು ನಿಯಮ. ಆದರೆ ಮೊದಲು ಒಂದು ಹೆಣ್ಣು ಹುಟ್ಟಿ, ಎರಡನೇ ಹೆರಿಗೆಯಲ್ಲಿ ಅವಳಿ ಹೆಣ್ಣಾದರೆ ಮೂರನೇ ಖಾತೆಗೂ ಅವಕಾಶ ಇದೆ. ಸರ್ಕಾರ ಹೆರಿಗೆ ಒಂದೇ ಅಂತ ಖಾತೆಯನ್ನು ಒಂದು ಮಾಡಲಿಲ್ಲ. ಎಷ್ಟೋ ಜನ ಬಂದು "ಅವಳಿ ಅಲ್ವಾ, ಒಂದೇ ಪಾಸ್‌ಬುಕ್ಕಿನಲ್ಲಿ ಎರಡು ಹೆಸರು ಹಾಕಿಕೊಡಿ" ಅನ್ನುತ್ತಾರೆ. ಆಗಲ್ಲ, ಮಗು ಎರಡಾದರೆ ಖಾತೆಯೂ ಎರಡೇ ಅಂತ ನಾನೇ ತಿಳಿಸಿ ಹೇಳುತ್ತೇನೆ. ನನ್ನ ಮಕ್ಕಳಿಗೂ ಆ ವರ್ಷವೇ ಎರಡು ಖಾತೆ ತೆರೆದೆ. ಆಗ ಅವರಿಗೆ ಎಂಟು ವರ್ಷ. ಹತ್ತು ವರ್ಷ ಎರಡು ಪಾಸ್‌ಬುಕ್ಕಿಗೂ ಬೇರೆ ಬೇರೆ ಕಂತು ಕಟ್ಟಿದವಳು ನಾನು.

ಹದಿನೆಂಟು ತುಂಬಿದ ಮೇಲೆ ಆ ಖಾತೆ ಮಗಳದ್ದೇ. ಓದಿಗೆ ಅಂತ ಹಿಂದಿನ ಮಾರ್ಚ್ ಕೊನೆಯಲ್ಲಿ ಇದ್ದ ಮೊತ್ತದ ಅರ್ಧದ ತನಕ ತೆಗೆಯಬಹುದು. ಕಾಲೇಜು ಸೇರಿದ್ದಕ್ಕೆ ಅಥವಾ ಫೀಸಿಗೆ ದಾಖಲೆ ಕೊಡಬೇಕು. ಚಿಕ್ಕವಳ ಫೀಸಿನ ಚೀಟಿ ಮೊದಲು ಬಂತು. ಪಕ್ಕದ ಕೌಂಟರಿನ ಸಹೋದ್ಯೋಗಿ ಅವಳಿಂದ ಫಾರಂ ತುಂಬಿಸಿಕೊಂಡರು. ಸಹಿ ಅವಳದ್ದೇ. ದುಂಡಗಿನ ಸಣ್ಣ ಅಕ್ಷರ, ಗೆರೆ ದಾಟುವುದಿಲ್ಲ. ಕೆಲವು ವಾರದ ಮೇಲೆ ದೊಡ್ಡವಳು ಬಂದಳು. ಅವಳ ಸಹಿ ಓರೆಯಾಗಿ ಮೇಲಕ್ಕೆ ಹೋಗುತ್ತದೆ. ಎರಡನ್ನೂ ನಾನು ಮೊದಲ ಸಲ ಅಕ್ಕಪಕ್ಕ ನೋಡಿದ್ದು ಆವತ್ತೇ.

ಖರ್ಚು ಹೆಚ್ಚಾಗಿದೆ, ಸುಳ್ಳು ಹೇಳುವುದಿಲ್ಲ. ಒಂದು ರೂಮಿನ ಲೆಕ್ಕ ಹೋಯಿತು. ಒಬ್ಬಳಿಗೆ ಬೆಂಗಳೂರು ರೈಲು, ಒಬ್ಬಳಿಗೆ ಅರಸೀಕೆರೆ ಕಡೆಯ ರೈಲು. ಚಿಕ್ಕವಳು ಮೊದಲ ತಿಂಗಳು ದಿನಾ ಅತ್ತಳು. ದೊಡ್ಡವಳು ಅಳಲಿಲ್ಲ, ಆದರೆ ತೂಕ ಇಳಿಯಿತು. ಈಗ ಚಿಕ್ಕವಳು ಫೋನಿನಲ್ಲಿ ಹಾಸ್ಟೆಲ್ ಊಟದ ಬಗ್ಗೆ, ಮಣ್ಣಿನ ಕ್ಲಾಸಿನ ಬಗ್ಗೆ ಇಪ್ಪತ್ತು ನಿಮಿಷ ಮಾತಾಡುತ್ತಾಳೆ. ಉತ್ತರ ಹೇಳಲು ಪಕ್ಕದಲ್ಲಿ ಅಕ್ಕ ಇಲ್ಲವಲ್ಲ. ಹೋದ ರಜೆಗೆ ಬಂದವಳು ಬ್ಯಾಗು ಇಟ್ಟು ಸೀದಾ ತೋಟಕ್ಕೆ ಹೋದಳು. ಹದಿನಾಲ್ಕನೇ ನಂಬರಿನ ಮರ ಇನ್ನೂ ನಿಂತಿದೆ. ಸುಣ್ಣದ ಅಂಕಿ ಮಾಸಿತ್ತು. ಮತ್ತೆ ಬರೆದು ಹೋಗಿದ್ದಾಳೆ.

ಇಬ್ಬರೂ ನಿಜವಾಗಿ ಒಂದೇ ಕಾಲೇಜು ಬಯಸಿದರೆ ಹೋಗಲಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಅದು ಎರಡು ಹಾಳೆಯಲ್ಲಿ, ಎರಡು ಕೈಯಿಂದ ಬಂದಿರಬೇಕು. ಆ ತಂದೆಯವರಿಗೆ ನನ್ನ ವಿನಂತಿ: ನಿಮ್ಮ ಹುಡುಗರ ಪಟ್ಟಿ ಇನ್ನೂ ಲಾಕ್ ಆಗಿಲ್ಲ. ಮಧ್ಯಾಹ್ನ ಮೂರರ ಮೇಲೆ ನಮ್ಮ ಕೌಂಟರಿನಲ್ಲಿ ಜನ ಕಡಿಮೆ. ಇಬ್ಬರನ್ನೂ ಕರೆದುಕೊಂಡು ಬನ್ನಿ. ಪಟ್ಟಿ ಮಾತ್ರ ಅವರವರದ್ದು ಅವರವರೇ ಬರೆದು ತರಲಿ. ಕಳೆದ ವರ್ಷದ ಕಟ್‌ಆಫ್ ಹಾಳೆಗಳು ನನ್ನ ಹತ್ತಿರ ಇನ್ನೂ ಇವೆ, ಕೊಡುತ್ತೇನೆ.

ಇಂತಿ,
ಅವಳಿ ಹೆಣ್ಣುಮಕ್ಕಳ ತಾಯಿ,
ತಿಪಟೂರು ತಾಲ್ಲೂಕು